ತಪ್ಪು ಉತ್ತರದ ಮುಂದೆ: ನಮ್ಮ ಬೋಧನಾ ತತ್ತ್ವವನ್ನು ಆರಿಸಿಕೊಳ್ಳಲು ಒಂದು ಹೋಲಿಕೆ

ಬಿ.ಇಡಿ. ಓದುವವರಿಗೆ ‘ನನ್ನ ಬೋಧನಾ ತತ್ತ್ವ’ ಎಂಬ ತಲೆಬರಹ ಕೊಟ್ಟು ಎರಡು ಪುಟ ಬರೆದು ತರಲು ಹೇಳುವುದುಂಟು. ಮುಂಬಯಿ, ಪುಣೆಗಳ ಖಾಸಗಿ ಶಾಲೆಗಳಲ್ಲಿ ಕೆಲಸಕ್ಕೆ ಅರ್ಜಿ ಹಾಕಿದವರಿಗೆ ಸಂದರ್ಶನದಲ್ಲಿಯೂ ಈ ಪ್ರಶ್ನೆ ಎದುರಾಗುತ್ತದೆ. ಹೆಚ್ಚಿನವರ ಉತ್ತರ ಒಂದೇ ಅಚ್ಚಿನದು: ಮಗುವೇ ಕೇಂದ್ರ, ಶಿಕ್ಷಕರು ಮಾರ್ಗದರ್ಶಕರು ಮಾತ್ರ, ಕಲಿಕೆ ಆನಂದದಾಯಕವಾಗಿರಬೇಕು. ಈ ಮಾತುಗಳಲ್ಲಿ ಸುಳ್ಳೇನೂ ಇಲ್ಲ. ಆದರೆ ಅವುಗಳನ್ನು ಬರೆದವರು ಮರುದಿನ ಬೆಳಗ್ಗೆ ತರಗತಿಯ ಬಾಗಿಲು ದಾಟಿ ಏನು ಮಾಡುತ್ತಾರೆ ಎಂಬುದು ಆ ಪುಟಗಳನ್ನು ಓದಿದವರಿಗೆ ತಿಳಿಯುವುದಿಲ್ಲ, ಬರೆದವರಿಗೂ ತಿಳಿದಿರುವುದಿಲ್ಲ.

ಮುಂಬಯಿಯ ಕನ್ನಡ ಮಾಧ್ಯಮದ ಪ್ರಾಥಮಿಕ ಶಾಲೆಯೊಂದರಲ್ಲಿ ಹಲವು ವರ್ಷ ಪಾಠ ಮಾಡಿ, ಈಗ ಹೊಸ ಶಿಕ್ಷಕರ ಜೊತೆ ಓದುತ್ತಿರುವ ನನಗೆ ಒಂದು ಸಂಗತಿ ಖಚಿತವಾಗಿದೆ. ಶಿಕ್ಷಕರೊಬ್ಬರ ತತ್ತ್ವ ಏನೆಂಬುದು ಮಗು ಸರಿಯಾದ ಉತ್ತರ ಹೇಳಿದಾಗ ಹೊರಬೀಳುವುದಿಲ್ಲ. ತಪ್ಪು ಉತ್ತರ ಹೇಳಿದ ಮರುಕ್ಷಣ ಅವರು ಏನು ಮಾಡುತ್ತಾರೆ ಎಂಬುದರಲ್ಲಿ ಹೊರಬೀಳುತ್ತದೆ. ಆದ್ದರಿಂದ ಶಿಕ್ಷಣ ಸಿದ್ಧಾಂತಗಳನ್ನು ಹೋಲಿಸಿ ತಮಗೊಪ್ಪುವುದನ್ನು ಆರಿಸಿಕೊಳ್ಳಬೇಕೆನ್ನುವವರಿಗೆ ನಾನು ಹೇಳುವುದು ಇದು: ಎಲ್ಲ ಸಿದ್ಧಾಂತಗಳನ್ನೂ ನಿಮ್ಮದೇ ತರಗತಿಯ ಒಂದೇ ಒಂದು ತಪ್ಪು ಉತ್ತರದ ಮುಂದೆ ತಂದು ನಿಲ್ಲಿಸಿ, ಪ್ರತಿಯೊಂದೂ ಏನು ಹೇಳುತ್ತದೆ ಎಂದು ಕೇಳಿ. ನನ್ನ ತರಗತಿಯ ಅಂಥದೊಂದು ಉತ್ತರವನ್ನು ಇಲ್ಲಿ ಬಳಸಿಕೊಳ್ಳುತ್ತೇನೆ.

ಐದನೆಯ ತರಗತಿಯಲ್ಲಿ ಭಿನ್ನರಾಶಿಯ ಪಾಠ ನಡೆದಿತ್ತು. ಹಲಗೆಯ ಮೇಲೆ 1/4 ಮತ್ತು 1/8 ಎಂದು ಬರೆದು ಯಾವುದು ದೊಡ್ಡದು ಎಂದು ಕೇಳಿದೆ. ಯಾದಗಿರಿ ಕಡೆಯಿಂದ ಬಂದು ನಮ್ಮ ಶಾಲೆಯ ಹಿಂದಿನ ಓಣಿಯಲ್ಲಿ ತರಕಾರಿ ಮಾರುವ ತಾಯಿಯೊಬ್ಬರ ಮಗಳು ಎದ್ದು ನಿಂತು, “ಎಂಟರದ್ದ ದೊಡ್ಡದು ರೀ ಟೀಚರ್, ನಾಲ್ಕಕ್ಕಿಂತ ಎಂಟು ಜಾಸ್ತಿ ಅಲ್ಲೇನ್ರೀ?” ಎಂದಳು. ಇದು ಅಜಾಗರೂಕತೆಯ ತಪ್ಪಲ್ಲ. ನಾಲ್ಕು ವರ್ಷ ಹೆಚ್ಚಾಗಿ ಪೂರ್ಣಸಂಖ್ಯೆಗಳನ್ನೇ ಕಲಿತ ಮಗು ಅಲ್ಲಿ ನಿಜವಾಗಿದ್ದ ನಿಯಮವನ್ನು ಇಲ್ಲಿಗೂ ಹಚ್ಚಿದೆ. ಯಾವ ಭಾಷೆಯ, ಯಾವ ದೇಶದ ತರಗತಿಯಲ್ಲಾದರೂ ಈ ತಪ್ಪು ಕಾಣಸಿಗುತ್ತದೆ. ಹೀಗಾಗಿಯೇ ಹೋಲಿಕೆಗೆ ಇದು ಒಳ್ಳೆಯ ಆಧಾರ.

ಗುರಿಯಿಂದ ಹೊರಡುವವರು

ನಮ್ಮ ಪಾಠಯೋಜನೆಯ ಪುಸ್ತಕದಲ್ಲಿ ಉದ್ದೇಶ, ಚಟುವಟಿಕೆ, ಮೌಲ್ಯಮಾಪನ ಎಂಬ ಕಾಲಮುಗಳಿರುತ್ತವಲ್ಲ, ಅವುಗಳ ಹಿಂದೆ ರಾಲ್ಫ್ ಟೈಲರ್ ಇದ್ದಾರೆ. ಶಿಕಾಗೋ ವಿಶ್ವವಿದ್ಯಾಲಯದಲ್ಲಿದ್ದ ಅವರು 1949ರಲ್ಲಿ ಪ್ರಕಟಿಸಿದ ತೆಳುವಾದ ಪುಸ್ತಕವೊಂದರಲ್ಲಿ ಪಠ್ಯಕ್ರಮ ರೂಪಿಸುವವರು ಉತ್ತರಿಸಬೇಕಾದ ನಾಲ್ಕು ಪ್ರಶ್ನೆಗಳನ್ನು ಇಟ್ಟರು: ಶಾಲೆ ಸಾಧಿಸಬೇಕಾದ ಉದ್ದೇಶಗಳು ಯಾವುವು, ಅವುಗಳಿಗೆ ಬೇಕಾದ ಕಲಿಕೆಯ ಅನುಭವಗಳು ಯಾವುವು, ಆ ಅನುಭವಗಳನ್ನು ಹೇಗೆ ಜೋಡಿಸಬೇಕು, ಉದ್ದೇಶ ಈಡೇರಿತೆಂದು ಹೇಗೆ ತಿಳಿಯಬೇಕು. 1956ರಲ್ಲಿ ಬೆಂಜಮಿನ್ ಬ್ಲೂಮ್ ಮತ್ತು ಸಂಗಡಿಗರು ಉದ್ದೇಶಗಳನ್ನು ಮೆಟ್ಟಿಲುಮೆಟ್ಟಿಲಾಗಿ ವರ್ಗೀಕರಿಸಿದ ಮೇಲೆ ಈ ಕ್ರಮಕ್ಕೆ ಇನ್ನಷ್ಟು ಬಲ ಬಂತು. ಈಗ ನಾವು ‘ಕಲಿಕಾ ಫಲ’ ಎಂದು ದಾಖಲಿಸುವುದೂ ಇದೇ ವಂಶದ್ದು.

ಟೈಲರ್ ದಾರಿ ಹಿಡಿದ ಶಿಕ್ಷಕರು ತಪ್ಪು ಉತ್ತರ ಕೇಳಿದೊಡನೆ, ಈ ಉದ್ದೇಶಕ್ಕೆ ಮೊದಲು ಇರಬೇಕಾಗಿದ್ದ ಯಾವ ಉದ್ದೇಶ ಈಡೇರಿಲ್ಲ ಎಂದು ಹಿಂದಕ್ಕೆ ಹೋಗಿ ನೋಡುತ್ತಾರೆ. ಸಮಭಾಗ ಎಂಬ ಕಲ್ಪನೆ ಗಟ್ಟಿಯಾಗಿದೆಯೇ, ಛೇದ ಏನನ್ನು ಸೂಚಿಸುತ್ತದೆ ಎಂಬುದು ಗೊತ್ತೇ ಎಂದು ಪರೀಕ್ಷಿಸಿ, ಅಲ್ಲಿಂದ ಮತ್ತೆ ಕಲಿಸುತ್ತಾರೆ. ಇದರ ಗುಣ ದೊಡ್ಡದು. ನಲವತ್ತು ಮಕ್ಕಳ ತರಗತಿಯಲ್ಲಿ ಯಾರು ಎಲ್ಲಿ ನಿಂತಿದ್ದಾರೆ ಎಂಬ ಲೆಕ್ಕ ತಪ್ಪುವುದಿಲ್ಲ. ಕೊರತೆ ಎಂದರೆ, ಉದ್ದೇಶವನ್ನು ಯಾರು ನಿರ್ಧರಿಸಿದರು ಎಂಬ ಪ್ರಶ್ನೆ ಪಾಠಯೋಜನೆಯ ಯಾವ ಕಾಲಮಿನಲ್ಲಿಯೂ ಬರುವುದಿಲ್ಲ. ಆ ಹುಡುಗಿ ಏಕೆ ಹಾಗೆ ಯೋಚಿಸಿದಳು ಎಂಬ ಕುತೂಹಲಕ್ಕೂ ಅಲ್ಲಿ ಜಾಗ ಕಡಿಮೆ. ಯೋಜನೆ ಮಾಡಲು ಇದನ್ನು ಬಳಸಿ ಎಂದು ಎಲ್ಲರಿಗೂ ಹೇಳುತ್ತೇನೆ. ಇದನ್ನೇ ತತ್ತ್ವ ಎಂದು ಬರೆದುಕೊಳ್ಳಲು ಯಾರಿಗೂ ಹೇಳಲಾರೆ.

ಬಿಡಿಸಿ ಹೇಳುವವರು

ಎರಡನೆಯ ದಾರಿಯವರು ತಪ್ಪನ್ನು ಆ ಕ್ಷಣವೇ ತಿದ್ದುತ್ತಾರೆ. ಮಾದರಿ ಲೆಕ್ಕ ಒಂದನ್ನು ಹಲಗೆಯ ಮೇಲೆ ಹಂತಹಂತವಾಗಿ ಬಿಡಿಸಿ ತೋರಿಸಿ, ಮುಂದಿನದನ್ನು ಮಕ್ಕಳ ಜೊತೆ ಬಿಡಿಸಿ, ಆಮೇಲೆ ಅವರೇ ಬಿಡಿಸುವಂತೆ ಮಾಡಿ, ಕೆಲವು ದಿನ ಬಿಟ್ಟು ಮತ್ತೆ ಕೇಳುತ್ತಾರೆ. ಇದನ್ನು ‘ಹಳೆಯ ಪದ್ಧತಿ’ ಎಂದು ತಳ್ಳಿಹಾಕುವುದು ಬಿ.ಇಡಿ. ತರಗತಿಗಳಲ್ಲಿ ರೂಢಿಯಾಗಿದೆ. ಅದು ಸರಿಯಲ್ಲ. ಮನುಷ್ಯನ ಕಾರ್ಯಸ್ಮೃತಿಗೆ, ಅಂದರೆ ಯೋಚಿಸುತ್ತಿರುವ ಗಳಿಗೆಯ ನೆನಪಿಗೆ, ಒಮ್ಮೆಗೆ ಹಿಡಿದಿಡಲು ಆಗುವುದು ಕೆಲವೇ ಸಂಗತಿಗಳು ಎಂಬ ಆಧಾರದ ಮೇಲೆ ಮನಶ್ಶಾಸ್ತ್ರಜ್ಞ ಜಾನ್ ಸ್ವೆಲರ್ 1988ರಲ್ಲಿ ‘ಅರಿವಿನ ಹೊರೆ’ಯ ಸಿದ್ಧಾಂತವನ್ನು ಮಂಡಿಸಿದರು. ಹೊಸ ವಿಷಯ ಕಲಿಯುತ್ತಿರುವವರನ್ನು ‘ನೀವೇ ಕಂಡುಕೊಳ್ಳಿ’ ಎಂದು ಬಿಟ್ಟರೆ ಕಲಿಕೆ ಕುಂಟುತ್ತದೆ ಎಂದು 2006ರಲ್ಲಿ ಕಿರ್ಶ್ನರ್, ಸ್ವೆಲರ್ ಮತ್ತು ಕ್ಲಾರ್ಕ್ ವಾದಿಸಿದರು. ಅಮೆರಿಕದ ಶಿಕ್ಷಣ ಸಂಶೋಧಕ ಬರಾಕ್ ರೊಸೆನ್‌ಶೈನ್ ಪಟ್ಟಿಮಾಡಿದ ಬೋಧನಾ ಸೂತ್ರಗಳಲ್ಲಿ ಒಂದು ಹೀಗಿದೆ: ಅಭ್ಯಾಸದ ಹಂತದಲ್ಲಿ ಮಕ್ಕಳ ಉತ್ತರಗಳಲ್ಲಿ ಸುಮಾರು ಶೇ. 80ರಷ್ಟು ಸರಿಯಾಗಿರುವಂತೆ ಪಾಠವನ್ನು ಹದಗೊಳಿಸಬೇಕು. ಅದಕ್ಕಿಂತ ಕಡಿಮೆಯಾದರೆ ಮಕ್ಕಳು ತಪ್ಪನ್ನೇ ಅಭ್ಯಾಸ ಮಾಡುತ್ತಿರುತ್ತಾರೆ.

ಈ ದಾರಿಗೂ ಒಂದು ಎಲ್ಲೆಯಿದೆ, ಅದನ್ನು ಆ ಸಂಶೋಧಕರೇ ಕಂಡುಕೊಂಡಿದ್ದಾರೆ. ಹೊಸಬರಿಗೆ ನೆರವಾಗುವ ಮಾದರಿ ಲೆಕ್ಕ, ವಿಷಯ ತಿಳಿದವರಿಗೆ ಅಡ್ಡಿಯಾಗುತ್ತದೆ. ಹಾಗಾದರೆ ನನ್ನ ವಿದ್ಯಾರ್ಥಿನಿ ಹೊಸಬಳೋ, ತಿಳಿದವಳೋ? ಈ ಪ್ರಶ್ನೆಗೆ ಉತ್ತರ ಅಷ್ಟು ಸುಲಭವಲ್ಲ.

ಅನುಭವದಿಂದ ಹೊರಡುವವರು

ಅಮೆರಿಕದ ತತ್ತ್ವಜ್ಞಾನಿ ಜಾನ್ ಡ್ಯೂಯಿ ಎಂದರೆ ‘ಮಾಡಿ ಕಲಿ’ ಎಂದಷ್ಟೇ ನೆನಪಿಟ್ಟುಕೊಂಡವರು 1902ರಲ್ಲಿ ಅವರು ಮಗು ಮತ್ತು ಪಠ್ಯಕ್ರಮದ ಕುರಿತು ಬರೆದ ಚಿಕ್ಕ ಪುಸ್ತಕವನ್ನು ಒಮ್ಮೆ ಓದಬೇಕು. ಮಗು ಮತ್ತು ಪಠ್ಯವಿಷಯ ಪರಸ್ಪರ ವಿರೋಧಿಗಳಲ್ಲ, ಒಂದೇ ಗೆರೆಯ ಎರಡು ತುದಿಗಳು ಎಂಬುದು ಅಲ್ಲಿನ ವಾದ. ಮಗುವಿನ ಈಗಿನ ಅನುಭವ ಒಂದು ತುದಿ, ಶಾಸ್ತ್ರವಾಗಿ ವ್ಯವಸ್ಥಿತಗೊಂಡ ಜ್ಞಾನ ಇನ್ನೊಂದು ತುದಿ; ಎರಡೂ ತುದಿಗಳನ್ನು ಬಲ್ಲವರು ಮಾತ್ರ ನಡುವಿನ ದಾರಿಯನ್ನು ಹಾಕಬಲ್ಲರು. 1938ರ ಹೊತ್ತಿಗೆ ಅವರು ಇನ್ನೂ ಕಟುವಾಗಿ, ಎಲ್ಲ ಅನುಭವವೂ ಶಿಕ್ಷಣವಲ್ಲ, ಕೆಲವು ಅನುಭವಗಳು ಮುಂದಿನ ಕಲಿಕೆಗೆ ತಡೆಯಾಗುತ್ತವೆ ಎಂದು ಬರೆದರು. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 1913ರಿಂದ 1916ರವರೆಗೆ ಓದಿದ ಡಾ. ಅಂಬೇಡ್ಕರ್ ಅವರಿಗೆ ಡ್ಯೂಯಿ ಗುರುಗಳಾಗಿದ್ದರು. ಮುಂಬಯಿಯಲ್ಲಿ ಕುಳಿತು ಡ್ಯೂಯಿಯನ್ನು ಓದುವ ನಮಗೆ ಈ ನಂಟು ನೆನಪಿರಬೇಕು.

ನಮಗೆ ಇನ್ನೂ ಹತ್ತಿರದ ಉದಾಹರಣೆ ತಾರಾಬಾಯಿ ಮೋಡಕ್. ಗುಜರಾತಿನ ಭಾವನಗರದಲ್ಲಿ ಶಿಶುಶಿಕ್ಷಣದ ಹರಿಕಾರ ಗಿಜುಭಾಯಿ ಬಧೇಕಾ ಅವರ ಜೊತೆ ದುಡಿದ ಅವರು 1945ರಲ್ಲಿ ಮಹಾರಾಷ್ಟ್ರದ ಸಮುದ್ರದಂಡೆಯ ಬೋರ್ಡಿ ಎಂಬ ಊರಿಗೆ ಹೋಗಿ ನೆಲೆಸಿ, ಮುಂದೆ ಅನುತಾಯಿ ವಾಘ್ ಅವರೊಡನೆ ಕೋಸಬಾಡ ಗುಡ್ಡದ ಆದಿವಾಸಿ ಮಕ್ಕಳಿಗಾಗಿ ಶಾಲೆಗಳನ್ನು ಕಟ್ಟಿದರು. ಮಕ್ಕಳು ಬರದಿದ್ದಾಗ ಶಾಲೆಯನ್ನೇ ಅವರ ಅಂಗಳಕ್ಕೆ ಒಯ್ದರು. ದನ ಮೇಯಿಸುವ ಮಕ್ಕಳಿಗಾಗಿ ಹುಲ್ಲುಗಾವಲಿನಲ್ಲೇ ‘ಕುರಣಶಾಲೆ’ ನಡೆಸಿದರು. ಮಾಂಟೆಸ್ಸರಿಯ ದುಬಾರಿ ಸಲಕರಣೆಗಳ ಜಾಗಕ್ಕೆ ಬೀಜ, ಕಲ್ಲು, ಚಿಪ್ಪು, ಎಲೆಗಳು ಬಂದವು. ಸಿದ್ಧಾಂತವೊಂದನ್ನು ತನ್ನ ನೆಲಕ್ಕೆ ಒಗ್ಗಿಸಿಕೊಳ್ಳುವುದು ಎಂದರೆ ಏನೆಂದು ಕೇಳುವವರಿಗೆ ನಾನು ಮೊದಲು ಈ ಕಥೆಯನ್ನು ಹೇಳುತ್ತೇನೆ.

ಈಗ ನನ್ನ ತರಗತಿಗೆ ಮರಳುತ್ತೇನೆ. ಆ ಹುಡುಗಿಯನ್ನು ತಿದ್ದುವ ಬದಲು, “ನಿಮ್ಮವ್ವ ಅರ್ಧಾ ಪಾವ್ ಮೆಣಸಿನಕಾಯಿ ತೂಗತಾಳಲ್ಲ, ಅದು ಪಾವ್ ಕಿಲೋಕ್ಕಿಂತ ಹೆಚ್ಚೋ ಕಡಿಮೆಯೋ?” ಎಂದು ಕೇಳಿದೆ. (ಪಾವ್ ಎಂದರೆ ಕಾಲು ಕಿಲೋ.) “ಕಡಿಮಿ ರೀ, ಅದರ ಅರ್ಧಾ” ಎಂದು ತಡವಿಲ್ಲದೆ ಹೇಳಿದಳು. ಒಂದು ಕಿಲೋದಲ್ಲಿ ಅರ್ಧಾ ಪಾವ್ ಎಷ್ಟು ಸಲ ಬರುತ್ತದೆ ಎಂದು ಕೇಳಿದಾಗ ಬೆರಳು ಮಡಚಿ ಎಣಿಸಿ, ಎಂಟು ಎಂದಳು. ಹೇಳಿದವಳೇ ಹಲಗೆಯ ಕಡೆ ತಿರುಗಿ 1/8ರ ಕೆಳಗಿನ ಎಂಟನ್ನು ದಿಟ್ಟಿಸಿದಳು. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಹಂಗಾದ್ರ ಇದ ಸಣ್ಣದು” ಎಂದಳು. ನನ್ನ ವೃತ್ತಿಜೀವನದಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟ ಗಳಿಗೆಗಳಲ್ಲಿ ಅದೂ ಒಂದು.

ಇಲ್ಲಿಗೇ ನಿಲ್ಲಿಸಿದ್ದರೆ ನಾನು ಅನುಭವವಾದಿಯಾಗಿ ಉಳಿದುಬಿಡುತ್ತಿದ್ದೆ. ಮುಂದಿನ ವಾರದ ಕಿರುಪರೀಕ್ಷೆಯಲ್ಲಿ 1/5 ಮತ್ತು 1/6ರಲ್ಲಿ ದೊಡ್ಡದು ಯಾವುದು ಎಂದು ಕೇಳಿದಾಗ ಅದೇ ಹುಡುಗಿ 1/6 ಎಂದು ಬರೆದಳು. ಕಾರಣ ಹುಡುಕುತ್ತ ಹೋದಾಗ ನನಗೆ ಹೊಳೆದದ್ದು ಇದು: ಬಜಾರಿನ ಭಿನ್ನರಾಶಿ ಅರ್ಧಿಸುತ್ತ ಹೋಗುತ್ತದೆ. ಕಿಲೋ, ಅರ್ಧ ಕಿಲೋ, ಪಾವ್, ಅರ್ಧಾ ಪಾವ್. ನಮ್ಮ ಹಿರಿಯರ ಶೇರು, ಅಚ್ಚೇರು, ಪಾವು, ಚಟಾಕುಗಳೂ ಹಾಗೆಯೇ ಇದ್ದವು. ಕನ್ನಡದ ಕಾಲು, ಅರೆಕಾಲು, ವೀಸಗಳೂ ನಾಲ್ಕು, ಎಂಟು, ಹದಿನಾರರ ಲೆಕ್ಕವೇ. ಐದನೆಯ ಒಂದು, ಆರನೆಯ ಒಂದು ಎಂಬ ಹೆಸರಿನ ತೂಕದ ಕಲ್ಲು ಯಾವ ತಕ್ಕಡಿಯ ಪಕ್ಕದಲ್ಲಿಯೂ ಇಲ್ಲ. ಕಾಗದದ ಪಟ್ಟಿಯನ್ನು ಮಡಚಿ ತೋರಿಸುವ ಚಟುವಟಿಕೆಯಲ್ಲಿಯೂ ಎರಡು, ನಾಲ್ಕು, ಎಂಟು ಸುಲಭವಾಗಿ ಬರುತ್ತವೆ. ಐದು ಸಮಭಾಗ ಮಾಡಲು ಹೋದರೆ ಪಟ್ಟಿ ಸುಕ್ಕಾಗುತ್ತದೆ. ಅಂದರೆ ಮಗುವಿನ ಅನುಭವ ತಾನಾಗಿ ಹೋಗಿ ಮುಟ್ಟುವ ಜಾಗವೊಂದಿದೆ, ಅಲ್ಲಿಂದಾಚೆಗೆ ಯಾರಾದರೂ ಕೈಹಿಡಿದು ಕರೆದೊಯ್ಯಬೇಕು. ಅರ್ಧಾ ಪಾವಿನ ವಿಷಯದಲ್ಲಿ ಆಕೆ ತಿಳಿದವಳು, ಐದನೆಯ ಒಂದರ ವಿಷಯದಲ್ಲಿ ಹೊಸಬಳು. ಮೊದಲನೆಯದಕ್ಕೆ ಡ್ಯೂಯಿ ಸಾಕಾಗಿದ್ದರು, ಎರಡನೆಯದಕ್ಕೆ ಬಿಡಿಸಿ ಹೇಳುವವರ ದಾರಿ ಬೇಕಾಯಿತು. ಮಗು ಒಬ್ಬಂಟಿಯಾಗಿ ಮಾಡಬಲ್ಲದ್ದಕ್ಕೂ ಬಲ್ಲವರ ನೆರವಿನಿಂದ ಮಾಡಬಲ್ಲದ್ದಕ್ಕೂ ನಡುವೆ ಇರುವ ಅಂತರವೇ ಕಲಿಸುವ ಜಾಗ ಎಂದು 1934ರಲ್ಲಿ ತೀರಿಕೊಂಡ ರಷ್ಯದ ಮನಶ್ಶಾಸ್ತ್ರಜ್ಞ ವೈಗೋಟ್ಸ್ಕಿ ಹೇಳಿದ್ದರ ಅರ್ಥ ನನಗೆ ಪುಸ್ತಕದಿಂದ ಆಗಿರಲಿಲ್ಲ, ಆ ಕಿರುಪರೀಕ್ಷೆಯಿಂದ ಆಯಿತು.

ಭಾಷೆಯ ಸಂಗತಿಯೊಂದನ್ನು ಇಲ್ಲೇ ಸೇರಿಸಬೇಕು. ಕನ್ನಡದಲ್ಲಿ ನಾವು ‘ಎಂಟನೆಯ ಒಂದು’, ‘ಮೂರನೆಯ ಎರಡು’ ಎನ್ನುತ್ತೇವೆ. ಛೇದ ಮೊದಲು, ಅಂಶ ಆಮೇಲೆ. ಮರಾಠಿಯಲ್ಲಿ ಅದೇ ‘ಏಕ್ ಛೇದ್ ಆಠ್’, ಅಂಶ ಮೊದಲು. ಶಾಲೆಯಲ್ಲಿ ಕನ್ನಡದಲ್ಲಿ ಕಲಿತು, ಸಂಜೆ ಟ್ಯೂಷನ್ನಿನಲ್ಲಿ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಕೇಳಿಸಿಕೊಳ್ಳುವ ಮಗು 3/8 ಅನ್ನು 8/3 ಎಂದು ಬರೆದರೆ ಅದು ಗಣಿತದ ತಪ್ಪು ಎನ್ನುವ ಮೊದಲು ಎರಡು ಸಲ ಯೋಚಿಸಬೇಕು. ಕನ್ನಡದ ಕ್ರಮದಲ್ಲಿ ‘ಎಂಟು ಮಾಡಿ, ಅದರಲ್ಲಿ ಒಂದು ತೆಗೆದುಕೋ’ ಎಂಬ ಅರ್ಥ ತಾನಾಗಿ ಅಡಗಿದೆ. ಮಾತೃಭಾಷೆಯಲ್ಲಿ ಶಿಕ್ಷಣ ಎಂಬುದನ್ನು ಬರಿಯ ಅಭಿಮಾನದ ಮಾತಾಗಿ ಆಡುವವರಿಗೆ ಈ ಉದಾಹರಣೆ ಉಪಯೋಗಕ್ಕೆ ಬಂದೀತು.

ಕೆಲಸದಿಂದ ಹೊರಡುವವರು

1937ರ ಅಕ್ಟೋಬರಿನಲ್ಲಿ ವರ್ಧಾದಲ್ಲಿ ನಡೆದ ಸಮ್ಮೇಳನದಲ್ಲಿ ಗಾಂಧೀಜಿ ಮುಂದಿಟ್ಟ, ಜಾಕಿರ್ ಹುಸೇನ್ ಸಮಿತಿ ರೂಪಕೊಟ್ಟ ‘ನಯೀ ತಾಲೀಮ್’ ಪ್ರಕಾರ ನೂಲುವುದು, ಬೇಸಾಯ, ಬಡಗಿತನದಂಥ ಉತ್ಪಾದಕ ಕೆಲಸವೇ ಪಠ್ಯಕ್ರಮದ ಬೇರು. ಗಣಿತ, ಭಾಷೆ, ಸಮಾಜ ಅದರಿಂದ ಚಿಗುರಬೇಕು. ತಪ್ಪು ಉತ್ತರ ಬಂದಾಗ ಈ ದಾರಿಯವರು ಮಗುವನ್ನು ಮತ್ತೆ ಕೆಲಸಕ್ಕೆ ಹಚ್ಚುತ್ತಾರೆ. ಅಳತೆ ತಪ್ಪಿದರೆ ಕೆಲಸವೇ ಕೆಡುತ್ತದೆ, ಕೆಟ್ಟ ಕೆಲಸವೇ ತಿದ್ದುತ್ತದೆ. ನಾನು ಇದನ್ನು ಗೌರವಿಸುತ್ತೇನೆ, ಆದರೆ ನನ್ನ ಶಾಲೆಗೆ ಇದನ್ನು ಪೂರ್ತಿಯಾಗಿ ಆರಿಸಿಕೊಳ್ಳಲಾರೆ. ನನ್ನ ಮಕ್ಕಳಲ್ಲಿ ಅರ್ಧದಷ್ಟು ಮಂದಿ ದಿನದ ಶಾಲೆ ಮುಗಿದ ಮೇಲೆ ಹೇಗೂ ದುಡಿಯುತ್ತಾರೆ. ಕೆಲಸವೇ ಇಲ್ಲದ ಐದು ಗಂಟೆ ಅವರಿಗೆ ಸಿಗುವುದು ತರಗತಿಯಲ್ಲಿ ಮಾತ್ರ. ತೋಟವೂ ಜಾಗವೂ ಇರುವ ಶಾಲೆಯಲ್ಲಿ, ಮನೆಯಲ್ಲಿ ಒಂದು ಕಡ್ಡಿಯನ್ನೂ ಎತ್ತಿಡದ ಮಕ್ಕಳಿಗೆ ಕಲಿಸುವವರ ತೀರ್ಮಾನ ಬೇರೆಯಾಗಬಹುದು, ಬೇರೆಯಾಗಬೇಕು ಕೂಡ.

ಪ್ರಶ್ನೆಯಿಂದ ಹೊರಡುವವರು

ಯಾವ ಜ್ಞಾನಕ್ಕೆ ಹೆಚ್ಚು ಬೆಲೆ ಎಂದು ಇಂಗ್ಲೆಂಡಿನ ಚಿಂತಕ ಹರ್ಬರ್ಟ್ ಸ್ಪೆನ್ಸರ್ 1859ರಲ್ಲಿ ಕೇಳಿದ್ದರು. ಯಾರ ಜ್ಞಾನಕ್ಕೆ ಬೆಲೆ ಎಂದು ಕೇಳುವವರು ಐದನೆಯ ದಾರಿಯವರು. ಪುಣೆಯಲ್ಲಿ 1848ರಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದ ಜೋತಿರಾವ್ ಮತ್ತು ಸಾವಿತ್ರಿಬಾಯಿ ಫುಲೆ ಈ ಪ್ರಶ್ನೆಯನ್ನು ಕೃತಿಯಲ್ಲಿ ಕೇಳಿದರು. 1882ರಲ್ಲಿ ಬ್ರಿಟಿಷ್ ಸರ್ಕಾರದ ಶಿಕ್ಷಣ ಆಯೋಗವಾದ ಹಂಟರ್ ಆಯೋಗಕ್ಕೆ ಸಲ್ಲಿಸಿದ ಹೇಳಿಕೆಯಲ್ಲಿ ಜೋತಿರಾವ್ ಅವರು, ರೈತರ ಬೆವರಿನಿಂದ ಬಂದ ಕಂದಾಯ ಮೇಲ್ವರ್ಗದವರ ಉನ್ನತ ಶಿಕ್ಷಣಕ್ಕೆ ಹೋಗುತ್ತಿದೆ, ರೈತರ ಮಕ್ಕಳಿಗೆ ಪ್ರಾಥಮಿಕ ಶಿಕ್ಷಣವೂ ಇಲ್ಲ ಎಂದು ಲೆಕ್ಕ ಕೇಳಿದರು. ಬ್ರೆಜಿಲ್‌ನ ಶಿಕ್ಷಣತಜ್ಞ ಪೌಲೊ ಫ್ರೇರೆ 1963ರಲ್ಲಿ ಆಂಜಿಕೋಸ್ ಎಂಬ ಊರಿನಲ್ಲಿ ಸುಮಾರು 300 ಕೂಲಿಕಾರರಿಗೆ ಅವರದೇ ಬದುಕಿನ ಪದಗಳಿಂದ ಆರಂಭಿಸಿ 40 ಗಂಟೆಗಳಲ್ಲಿ ಓದುಬರಹ ಕಲಿಸುವ ಕಾರ್ಯಕ್ರಮ ನಡೆಸಿದರು. ಶಿಕ್ಷಕರು ಹಣ ಜಮಾ ಮಾಡುವವರಂತೆ ಜ್ಞಾನವನ್ನು ಮಕ್ಕಳ ತಲೆಗೆ ತುಂಬುವ ಪದ್ಧತಿಯನ್ನು ಅವರು ‘ಬ್ಯಾಂಕಿಂಗ್’ ಶಿಕ್ಷಣ ಎಂದು ಕರೆದದ್ದು ಪ್ರಸಿದ್ಧವಾಗಿದೆ.

ಈ ದಾರಿಯವರು ತಪ್ಪು ಉತ್ತರದ ಮುಂದೆ ನಿಂತು ಕೇಳುವ ಪ್ರಶ್ನೆಯೇ ಬೇರೆ. ಅರ್ಧಾ ಪಾವನ್ನು ಕಣ್ಣಂದಾಜಿನಲ್ಲಿ ಹೇಳಬಲ್ಲ ಮಗು ಶಾಲೆಯ ಒಳಗೆ ಕಾಲಿಟ್ಟೊಡನೆ ಏಕೆ ದಡ್ಡಿಯಾಗಿ ಕಾಣುತ್ತಾಳೆ? ಫ್ರೇರೆಯ ಹುಟ್ಟೂರಾದ ರೆಸಿಫೆಯಲ್ಲಿ ಬೀದಿಬದಿ ಮಾರಾಟ ಮಾಡುವ ಐದು ಮಕ್ಕಳ ಮೇಲೆ ನಡೆದ, 1985ರಲ್ಲಿ ಪ್ರಕಟವಾದ ಅಧ್ಯಯನ ಚಿಕ್ಕದಾದರೂ ಕಣ್ಣು ತೆರೆಸುವಂಥದು. ವ್ಯಾಪಾರದ ನಡುವೆ ಕೇಳಿದ ಲೆಕ್ಕಗಳಲ್ಲಿ ಶೇ. 98ರಷ್ಟನ್ನು ಸರಿಯಾಗಿ ಮಾಡಿದ ಮಕ್ಕಳು ಅವೇ ಲೆಕ್ಕಗಳನ್ನು ಬರಿಯ ಅಂಕಿಗಳಾಗಿ ಕೊಟ್ಟಾಗ ಸರಿಯಾಗಿ ಮಾಡಿದ್ದು ಶೇ. 37ರಷ್ಟನ್ನು ಮಾತ್ರ. ಮಾನಖುರ್ದ್‌ನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ ಸಂಶೋಧಕರು ನಮ್ಮ ಧಾರಾವಿಯ ಮಕ್ಕಳು ಶಾಲೆಯ ಹೊರಗೆ ಕಲಿತ ಗಣಿತವನ್ನೂ ಅಧ್ಯಯನ ಮಾಡಿದ್ದಾರೆ.

ಮುಂಬಯಿ ಕನ್ನಡಿಗರಿಗೆ ಈ ದಾರಿ ಪುಸ್ತಕದಿಂದ ಬಂದದ್ದಲ್ಲ. ಹಗಲು ಉಡುಪಿ ಹೊಟೇಲುಗಳಲ್ಲಿ ಲೋಟ ತೊಳೆದ ಹುಡುಗರು ಸಂಜೆ ಕೋಟೆ ಪ್ರದೇಶದ ರಾತ್ರಿಶಾಲೆಗಳ ಬೆಂಚಿನ ಮೇಲೆ ಕುಳಿತು ಎಸ್.ಎಸ್.ಸಿ. ಪಾಸಾದರು. ನನ್ನ ತಂದೆಯವರೂ ಅವರಲ್ಲಿ ಒಬ್ಬರು. ಬಡ್ಡಿ ಲೆಕ್ಕದ ಪಾಠದ ದಿನ ಅವರ ಮೇಷ್ಟ್ರು ಪುಸ್ತಕ ತೆರೆಯದೆ, ಊರಿಗೆ ಹೋಗುವಾಗ ಮಾಲಕರಿಂದ ತೆಗೆದುಕೊಂಡ ಮುಂಗಡ ಎಷ್ಟು, ತಿಂಗಳಿಗೆ ಮುರಿದುಕೊಳ್ಳುವುದೆಷ್ಟು ಎಂದು ಒಬ್ಬೊಬ್ಬರನ್ನೇ ಕೇಳಿ ಹಲಗೆಯ ಮೇಲೆ ಬರೆದರಂತೆ. ಆ ರಾತ್ರಿ ಇಡೀ ತರಗತಿ ತನ್ನ ಸಾಲವನ್ನು ತಾನೇ ಲೆಕ್ಕ ಹಾಕಿತು ಎಂದು ತಂದೆಯವರು ಕೊನೆಯವರೆಗೂ ಹೇಳುತ್ತಿದ್ದರು.

ಆದರೆ ಹತ್ತು ವರ್ಷದ ಮಗುವಿನ ಮುಂದೆ ಈ ದಾರಿಯನ್ನು ಎಚ್ಚರದಿಂದ ಹಿಡಿಯಬೇಕು. ಫ್ರೇರೆ ಕಲಿಸಿದ್ದು ವಯಸ್ಕರಿಗೆ. ತನ್ನ ಪರಿಸ್ಥಿತಿಯನ್ನು ಬದಲಿಸಲು ಒಂದಿಷ್ಟಾದರೂ ಶಕ್ತಿಯಿರುವವರಿಗೆ. ತಾಯಿಯ ದುಡಿಮೆಯನ್ನು ತರಗತಿಯ ಚರ್ಚೆಗೆ ಎಳೆದು ತಂದಾಗ ಮಗುವಿಗೆ ಹೆಮ್ಮೆಯಾಗಬಹುದು, ನಾಚಿಕೆಯೂ ಆಗಬಹುದು. ನಾನು ಒಮ್ಮೆ ಮುಂಚೆ ಕೇಳದೆ ಹಾಗೆ ಮಾಡಿ, ಒಬ್ಬ ಹುಡುಗ ವಾರಪೂರ್ತಿ ನನ್ನ ಮುಖ ನೋಡದಿದ್ದದ್ದನ್ನು ಮರೆತಿಲ್ಲ.

ಎಲ್ಲವನ್ನೂ ಸ್ವಲ್ಪಸ್ವಲ್ಪ ಎನ್ನುವ ಮುನ್ನ

ಇಷ್ಟು ಓದಿದವರು ‘ಸಂದರ್ಭಕ್ಕೆ ತಕ್ಕಂತೆ ಎಲ್ಲವನ್ನೂ ಬಳಸುತ್ತೇನೆ’ ಎಂದು ಬರೆದುಕೊಳ್ಳಲು ಮನಸ್ಸು ಮಾಡಬಹುದು. ಅದನ್ನು ನಾನು ಒಪ್ಪುವುದಿಲ್ಲ. ಎರಡು ದಾರಿಗಳು ಒಂದೇ ಗಳಿಗೆಯಲ್ಲಿ ಎದುರುಬದುರಾದಾಗ ಯಾವುದು ಯಾವುದಕ್ಕೆ ದಾರಿ ಬಿಡಬೇಕು ಎಂಬ ಕ್ರಮವನ್ನು ಹೇಳದ ತತ್ತ್ವ ತತ್ತ್ವವೇ ಅಲ್ಲ. ಬೆಲ್ ಆಗಲು ಹತ್ತು ನಿಮಿಷ ಉಳಿದಿದೆ, ಘಟಕ ಪರೀಕ್ಷೆ ನಾಳೆ ಇದೆ, ಮೂವರು ಮಕ್ಕಳು ತಪ್ಪು ದಾರಿಯಲ್ಲಿ ಕುತೂಹಲದಿಂದ ಸಾಗುತ್ತಿದ್ದಾರೆ. ಈಗ ತಡೆದು ತಿದ್ದುತ್ತೀರೋ, ಹೋಗಲು ಬಿಡುತ್ತೀರೋ?

ನನ್ನ ಕ್ರಮ ಹೀಗಿದೆ. ಪಾಠವನ್ನು ಎಲ್ಲಿಂದ ಆರಂಭಿಸಬೇಕು ಎಂಬುದರಲ್ಲಿ ಅನುಭವಕ್ಕೆ ಮೊದಲ ಹಕ್ಕು. ಹೊಸ ಚಿಹ್ನೆ, ಹೊಸ ಪದ, ಹೊಸ ವಿಧಾನ ಬಂದೊಡನೆ ಅನುಭವ ಪಕ್ಕಕ್ಕೆ ಸರಿದು ಬಿಡಿಸಿ ಹೇಳುವುದಕ್ಕೆ ಜಾಗ ಕೊಡಬೇಕು. ಅಲ್ಲಿ ಮಕ್ಕಳನ್ನು ತಡಕಾಡಲು ಬಿಡುವುದು, ಮನೆಯಲ್ಲಿ ತಿದ್ದುವವರಿಲ್ಲದ ಮಕ್ಕಳಿಗೆ ಮಾಡುವ ಅನ್ಯಾಯ. ಟ್ಯೂಷನ್ ಇರುವ ಮಗು ಹೇಗೂ ದಡ ಸೇರುತ್ತದೆ, ಅದಿಲ್ಲದ ಮಗು ಮುಳುಗುತ್ತದೆ. ಬಿಡಿಸಿ ಹೇಳುವುದೂ ಸಮಾಜದ ನ್ಯಾಯದ ಪ್ರಶ್ನೆಯೇ ಎಂಬುದನ್ನು ಫ್ರೇರೆಯ ಅಭಿಮಾನಿಗಳು ಅಷ್ಟಾಗಿ ಒಪ್ಪದಿರಬಹುದು, ಆದರೂ ನನ್ನ ಅನುಭವ ಅದನ್ನೇ ಹೇಳುತ್ತದೆ. ಪಠ್ಯಪುಸ್ತಕದಲ್ಲಿ ಏನಿಲ್ಲ ಎಂಬ ಪ್ರಶ್ನೆಯನ್ನು ನಾನು ತಿಂಗಳಿಗೊಮ್ಮೆಯಾದರೂ ಕೇಳಿಕೊಳ್ಳುತ್ತೇನೆ. ಪುಣೆಯ ಬಾಲಭಾರತಿ ಕನ್ನಡದಲ್ಲಿಯೂ ಪಠ್ಯಪುಸ್ತಕಗಳನ್ನು ಹೊರತರುತ್ತದೆ, ಅದು ನಮ್ಮ ಭಾಗ್ಯ. ಆದರೆ ಇಡೀ ರಾಜ್ಯಕ್ಕೆಂದು ಬರೆದ ಪುಸ್ತಕದಲ್ಲಿ ನಮ್ಮ ಓಣಿ ಇರುವುದಿಲ್ಲ. ಅದನ್ನು ಸೇರಿಸುವುದು ನಮ್ಮ ಕೆಲಸ.

ಕೆಲವು ಸಂಗತಿಗಳು ಆಯ್ಕೆಗೆ ಬಿಟ್ಟವಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. 29ನೆಯ ಕಲಮು ಕಲಿಕೆ ಭಯಮುಕ್ತವಾಗಿರಬೇಕು, ಸಾಧ್ಯವಾದ ಮಟ್ಟಿಗೆ ಮಗುವಿನ ಮಾತೃಭಾಷೆಯಲ್ಲಿರಬೇಕು ಎನ್ನುತ್ತದೆ. ತಪ್ಪು ಉತ್ತರ ಹೇಳಿದ ಮಗುವನ್ನು ತರಗತಿಯ ಮುಂದೆ ನಗೆಪಾಟಲು ಮಾಡುವುದು ಯಾವ ಸಿದ್ಧಾಂತದ ಹೆಸರಿನಲ್ಲಿಯೂ ಸಲ್ಲದು. ಮಾತೃಭಾಷೆ ಎಂಬ ಪದವನ್ನೂ ಬಿಡಿಸಿ ನೋಡಬೇಕು. ಕನ್ನಡ ಮಾಧ್ಯಮದ ನಮ್ಮ ಮಕ್ಕಳಲ್ಲಿ ಮನೆಯಲ್ಲಿ ತುಳು, ಲಂಬಾಣಿ, ದಖ್ಖನಿ ಆಡುವವರು ಹಲವರಿದ್ದಾರೆ. ವಾಸ್ಕೋದಲ್ಲಿ ಕಲಿಸುವ ನನ್ನ ಗೆಳತಿಯ ತರಗತಿಗೆ ಕೊಂಕಣಿಯೂ ಸೇರುತ್ತದೆ.

ಓದುವುದು ಎಲ್ಲಿ, ಹೇಗೆ

ಮೂರು ದಾರಿಗಳಿವೆ. 2015ರಿಂದ ಎರಡು ವರ್ಷದ್ದಾಗಿರುವ ಬಿ.ಇಡಿ. ಪದವಿಯಲ್ಲಿ ಪಠ್ಯಕ್ರಮದ ಪತ್ರಿಕೆಯ ಜೊತೆಗೆ 20 ವಾರಗಳ ಶಾಲಾ ಅನುಭವ ಇರುತ್ತದೆ. ಪ್ರೌಢಶಾಲೆಯ ಕೆಲಸಕ್ಕೆ ಅದು ಬೇಕೇ ಬೇಕು, ಆದರೆ ಸಿದ್ಧಾಂತಗಳು ಅಲ್ಲಿ ಹತ್ತು ಅಂಕದ ಟಿಪ್ಪಣಿಗಳಾಗಿ ಕುಗ್ಗುವ ಅಪಾಯ ಹೆಚ್ಚು. ದೇವನಾರಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಂಥ ಕಡೆ ಶಿಕ್ಷಣಶಾಸ್ತ್ರದಲ್ಲಿ ಎಂ.ಎ. ಮಾಡಿದರೆ ಮೂಲ ಗ್ರಂಥಗಳನ್ನು ಓದಿ ವಾದಿಸುವ ಶಿಸ್ತು ಬರುತ್ತದೆ. ಅದಕ್ಕೆ ಸಮಯ, ಹಣ, ಇಂಗ್ಲಿಷ್ ಓದಿನ ಅಭ್ಯಾಸ ಬೇಕು. ಮೂರನೆಯದು ನಾಲ್ಕೈದು ಶಿಕ್ಷಕರು ಸೇರಿ ಓದುವುದು. ಕೆಲಸದಲ್ಲಿರುವವರಿಗೆ ನಾನು ಸೂಚಿಸುವುದು ಇದನ್ನೇ. ನಾವು ತಿಂಗಳ ಎರಡನೆಯ ಶನಿವಾರ ಮಾಟುಂಗಾದಲ್ಲಿ ಗೆಳತಿಯೊಬ್ಬಳ ಮನೆಯಲ್ಲಿ ಸೇರುತ್ತೇವೆ. ಒಬ್ಬರು ಒಂದು ಅಧ್ಯಾಯವನ್ನು ಕನ್ನಡದಲ್ಲಿ ವಿವರಿಸಬೇಕು, ಮತ್ತೊಬ್ಬರು ತಮ್ಮ ತರಗತಿಯ ಒಂದು ತಪ್ಪು ಉತ್ತರವನ್ನು ತರಬೇಕು ಎಂಬುದು ನಿಯಮ. ಕನ್ನಡದಲ್ಲಿ ಹೇಳಲು ಹೊರಟಾಗಲೇ ನಮಗೆ ಏನು ಅರ್ಥವಾಗಿಲ್ಲ ಎಂಬುದು ಗೊತ್ತಾಗುತ್ತದೆ.

ಓದುವ ಕ್ರಮದಲ್ಲಿ ಡ್ಯೂಯಿಯ 1902ರ ಪುಸ್ತಕವನ್ನು ಮೊದಲು, ಟೈಲರನ್ನು ಆಮೇಲೆ, 2006ರ ವಾದವನ್ನು ಮೂರನೆಯದಾಗಿ, ಫ್ರೇರೆಯ ‘ಬ್ಯಾಂಕಿಂಗ್’ ಅಧ್ಯಾಯವನ್ನು ನಾಲ್ಕನೆಯದಾಗಿ ಇಟ್ಟುಕೊಳ್ಳಿ. ಇವುಗಳ ನಂತರ ಇಂಗ್ಲೆಂಡಿನ ಶಿಕ್ಷಣತಜ್ಞ ಲಾರೆನ್ಸ್ ಸ್ಟೆನ್‌ಹೌಸ್ ಅವರ 1975ರ ಪುಸ್ತಕಕ್ಕೆ ಬನ್ನಿ. ಪಠ್ಯಕ್ರಮ ಎಂದರೆ ಮೇಲಿನಿಂದ ಬಂದ ಆದೇಶವಲ್ಲ, ತರಗತಿಯಲ್ಲಿ ಪರೀಕ್ಷಿಸಿ ನೋಡಬೇಕಾದ ಒಂದು ಪ್ರಸ್ತಾವ, ಆ ಪರೀಕ್ಷೆ ನಡೆಸುವ ಸಂಶೋಧಕರು ಶಿಕ್ಷಕರೇ ಎಂದು ಅವರು ವಾದಿಸಿದರು. ಸ್ಟೆನ್‌ಹೌಸ್ ಆರನೆಯ ದಾರಿಯಲ್ಲ, ಉಳಿದ ಐದನ್ನು ಹಿಡಿಯುವ ಬಗೆ.

ಬರೆಯಲು ಕುಳಿತಾಗ ಒಂದೇ ಪುಟ ಬರೆಯಿರಿ, ಕನ್ನಡದಲ್ಲಿ ಬರೆಯಿರಿ. ಆರಂಭದ ಸಾಲಿನಲ್ಲಿ ಮಗುವೊಂದು ಹೇಳಿದ ತಪ್ಪು ಉತ್ತರವನ್ನು ಇದ್ದದ್ದು ಇದ್ದಂತೆಯೇ ಇಡಿ. ಅದರ ಕೆಳಗೆ ನೀವು ಆಗ ಏನು ಮಾಡಿದಿರಿ, ಈಗಾದರೆ ಏನು ಮಾಡುತ್ತೀರಿ, ಯಾವ ದಾರಿ ಯಾವುದಕ್ಕೆ ಎಡೆ ಬಿಡಬೇಕು ಎಂಬುದನ್ನು ಇಡಿ. ಹೆಸರುಗಳನ್ನು ಉದುರಿಸುವ ಅಗತ್ಯವಿಲ್ಲ. ಪುಟದ ಕೊನೆಗೆ ದಿನಾಂಕ ಹಾಕಿ, ಪ್ರತಿ ಜೂನ್‌ನಲ್ಲಿ ಶಾಲೆ ತೆರೆಯುವ ಮುಂಚಿನ ವಾರ ಅದನ್ನು ಮತ್ತೆ ಓದಿ. ನನ್ನ ಪುಟದಲ್ಲಿ ‘ಮಗು ತಾನೇ ಕಂಡುಕೊಳ್ಳಬೇಕು’ ಎಂಬ ಸಾಲೊಂದಿತ್ತು. ಆ ಕಿರುಪರೀಕ್ಷೆಯ ಮರುವರ್ಷ ಅದರ ಮುಂದೆ ‘ತಕ್ಕಡಿಯಲ್ಲಿ ಕಲ್ಲು ಇರುವವರೆಗೆ’ ಎಂದು ಸೇರಿಸಿದ್ದೇನೆ.